ಮಂದ್ರದ ಕಹಳೆ

೧೮೦೮ನೆಯ ಇಸವಿ ಡಿಸೆಂಬರ್ ೨೨. ಆಸ್ಟ್ರಿಯಾದ ರಾಜಧಾನಿಯಾದ ವಿಯೆನ್ನಾ ನಗರದಲ್ಲಿ ಮೈ ಕೊರೆಯುವ ಚಳಿ. ಅಲ್ಲಿಯ ‘ಥಿಯೇಟರ್ ಆನ್ ಡೆರ್ ವೀನ್’ ಎಂಬ ರಂಗಮಂದಿರದಲ್ಲಿ ಅಂದು ಸಂಜೆ ಲುಡ್ವಿಗ್ ವಾನ್ ಬೀಥೋವನನ ಹೊಸ ಕೃತಿಗಳ ಕಚೇರಿ ಏರ್ಪಟ್ಟಿತ್ತು. ಆರೂವರೆಗೆ ಆರಂಭವಾದ ಕಚೇರಿ ಹತ್ತೂವರೆಯವರೆಗೆ, ಎಂದರೆ ಪೂರ್ತಿ ನಾಲ್ಕು ಗಂಟೆಗಳ ಕಾಲ ನಡೆಯಿತು. ಮಂದಿರದ ಒಳಗೂ ಬೆಚ್ಚಗಿರಲಿಲ್ಲ. ಕೇಳಲು ಬಂದವರು ಚಳಿಯಲ್ಲಿ ನಡುಗುತ್ತಲೇ ಕುಳಿತಿದ್ದರು. ವಾದಕರಿಗೆ ಅಭ್ಯಾಸ ಸಾಲದಾಗಿತ್ತು. ಕಡೆಯ ಕೃತಿಯು ನಡುವೆ ತಾಳತಪ್ಪಿ ನಿಂತುಹೋಗಿ, ಮತ್ತೆ ಆರಂಭಿಸಬೇಕಾಯಿತು. ಆದರೂ ಅಂದು ಮೊದಲ ಬಾರಿಗೆ ಜನರ ಕಿವಿಗೆ ಬಿದ್ದ ಕೃತಿಗಳಲ್ಲಿ ಕೆಲವು ಇಂದಿಗೂ ಜಗತ್ತಿನಾದ್ಯಂತ ಬಾಳುತ್ತಿವೆ. ಅವುಗಳಲ್ಲಿ ಒಂದು ಬೀಥೋವನನ ಐದನೆಯ ಸಿಂಫನಿ.

ಸಿಂಫನಿ ಎಂದರೆ ದೊಡ್ಡ ವಾದ್ಯವೃಂದಕ್ಕಾಗಿ ಹಲವು ಭಾಗಗಳಲ್ಲಿ ರಚಿಸಿದ ಸಂಗೀತಕೃತಿ. ಐದನೆಯ ಸಿಂಫನಿಯಲ್ಲಿ ನಾಲ್ಕು ಭಾಗಗಳಿವೆ. ಅದಕ್ಕಾಗಿ ಬೀಥೋವನನು ಆ ಕಾಲದ ಸಿಂಫನಿಗಳಲ್ಲಿ ಬಹು ಅಪರೂಪವಾಗಿದ್ದ ಒಂದು ವಾದ್ಯವನ್ನು ಕರೆಸಿಕೊಂಡಿದ್ದನು. ಅದೇ ಟ್ರಾಂಬೋನ್. ಮೇಲಿನ ಸ್ವರಗಳಿಗೊಂದು, ನಡುವಿನ ಸ್ವರಗಳಿಗೊಂದು, ಕೆಳಗಿನ ಸ್ವರಗಳಿಗೊಂದು, ಹೀಗೆ ಒಟ್ಟು ಮೂರು ಟ್ರಾಂಬೋನುಗಳು. ಇವುಗಳಲ್ಲಿ ಕೆಳಗಿನದೇ ಬೇಸ್ ಟ್ರಾಂಬೋನ್. ಅದೇ ಸಂಜೆ ಮೊದಲು ನುಡಿಸಿದ ‘ಪ್ಯಾಸ್ಟರಲ್’ ಸಿಂಫನಿಯಲ್ಲಿ ಮೇಲಿನ ಎರಡು ಟ್ರಾಂಬೋನುಗಳಿಗೆ ಕೊನೆಯಲ್ಲಿ ಸ್ವಲ್ಪ ಕೆಲಸವಿತ್ತು. ಬೇಸ್ ಟ್ರಾಂಬೋನಿಗೆ ಅಷ್ಟೂ ಇರಲಿಲ್ಲ. ಹಾಡುಗಾರಿಕೆ ಮುಗಿಯಿತು, ಬೀಥೋವನನೇ ಪಿಯಾನೋ ನುಡಿಸಿದ ಕಾನ್ಚರ್ಟೊ ಮುಗಿಯಿತು, ಐದನೆಯ ಸಿಂಫನಿಯ ಸರದಿ ಬಂದಿತು. ಆಗಲೂ ಮೊದಲ ಮೂರು ಭಾಗಗಳಲ್ಲಿ, ಸುಮಾರು ಇಪ್ಪತ್ತು ನಿಮಿಷಗಳ ಕಾಲ, ಟ್ರಾಂಬೋನುಗಳಿಗೆ ಬರೆದಿದ್ದುದು ಮೌನ ಮಾತ್ರ.

ಮೂರನೆಯ ಭಾಗದ ಕೊನೆಯಲ್ಲಿ ಧ್ವನಿ ಇಳಿಯುತ್ತ ಇಳಿಯುತ್ತ ಪಿಸುಮಾತಿನಷ್ಟಾಗುತ್ತದೆ. ತಂತಿವಾದ್ಯಗಳು ಒಂದು ಸ್ವರವನ್ನು ಹಿಡಿದು ನಿಲ್ಲುತ್ತವೆ. ನಗಾರಿ ಮಾತ್ರ ಎದೆಬಡಿತದಂತೆ ಮೆಲ್ಲನೆ ಮಿಡಿಯುತ್ತಿರುತ್ತದೆ. ಕತ್ತಲೆಯಲ್ಲಿ ದಾರಿ ಹುಡುಕುವಂತಹ ಆ ನಾದ ಸ್ವಲ್ಪ ಸ್ವಲ್ಪವಾಗಿ ಏರುತ್ತದೆ. ಎಲ್ಲಿಯೂ ತಡೆಯದೆ ನಾಲ್ಕನೆಯ ಭಾಗವಾಗಿ ಬೆಳಕಿನಂತೆ ಒಮ್ಮೆಲೆ ತೆರೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ಮೂರು ಟ್ರಾಂಬೋನುಗಳೂ ಮೊದಲ ಬಾರಿಗೆ ದನಿಗೂಡಿಸುತ್ತವೆ. ಅದುವರೆಗೆ ಅರಿವಿಗೆ ಬಾರದಿದ್ದ ಒಂದು ಗಟ್ಟಿ ನೆಲ ಸಂಗೀತದ ಕಾಲಡಿಗೆ ಬಂದಂತಾಗುತ್ತದೆ. ಈ ಟ್ರಾಂಬೋನುಗಳು ಮತ್ತು ಒಂದು ಪುಟ್ಟ ಕೊಳಲು ಸೇರಿ ಆರು ನಗಾರಿಗಳಿಗಿಂತ ಹೆಚ್ಚಾದ, ಅವುಗಳಿಗಿಂತ ಒಳ್ಳೆಯದಾದ ಸದ್ದನ್ನು ಮಾಡುತ್ತವೆಯೆಂದು ಬೀಥೋವನನು ೧೮೦೮ರಲ್ಲಿ ಕೌಂಟ್ ಓಪರ್ಸ್‌ಡಾರ್ಫ್ ಎಂಬ ಗಣ್ಯನಿಗೆ ಬರೆದ ಪತ್ರದಲ್ಲಿ ವಿನೋದವಾಗಿ ತಿಳಿಸಿದ್ದನು.

ಹೀಗೆ ಬಹುಹೊತ್ತು ಕಾದು, ಕರೆ ಬಂದಾಗ ಇಡೀ ವೃಂದದ ಭಾರವನ್ನು ಹೊರುವ ವಾದ್ಯ ಬೇಸ್ ಟ್ರಾಂಬೋನ್. ಅದರ ಹೆಸರನ್ನು ಬಲ್ಲವರು ಕಡಿಮೆ. ಪಿಟೀಲು, ಕೊಳಲುಗಳಂತೆ ಅದು ಎಲ್ಲರ ಗಮನವನ್ನು ಸೆಳೆಯುವುದಿಲ್ಲ. ಆದರೆ ಅದು ಇಲ್ಲವಾದರೆ ಏನೋ ಕುಸಿದಂತೆ ಕೇಳುವವರಿಗೆ ತೋರುತ್ತದೆ. ಈ ವಾದ್ಯದ ರಚನೆ ಹೇಗೆ, ಅದು ಬೆಳೆದು ಬಂದ ಬಗೆ ಯಾವುದು, ಸಂಗೀತದಲ್ಲಿ ಅದರ ಪಾತ್ರವೇನು ಎಂಬುದನ್ನು ತಿಳಿಯುವುದು ಸ್ವಾರಸ್ಯಕರವಾದ ವಿಷಯ.

ಮದುವೆಯ ಮೆರವಣಿಗೆಗಳಲ್ಲಿ, ಪೊಲೀಸರ ಇಲ್ಲವೆ ಸೈನಿಕರ ಕವಾಯತುಗಳಲ್ಲಿ ಹಿತ್ತಾಳೆಯ ವಾದ್ಯಗಳ ಬ್ಯಾಂಡನ್ನು ನೋಡಿದವರಿಗೆ ಟ್ರಾಂಬೋನ್ ತೀರ ಅಪರಿಚಿತವಾಗಿರಲಾರದು. ಇತರ ಹಿತ್ತಾಳೆಯ ವಾದ್ಯಗಳಲ್ಲಿ ವಾದಕನು ಬೆರಳುಗಳಿಂದ ಗುಂಡಿಗಳನ್ನು ಒತ್ತುತ್ತಾನೆ. ಟ್ರಾಂಬೋನ್ ವಾದಕನಾದರೋ ತನ್ನ ಬಲಗೈಯಿಂದ ಒಂದು ಉದ್ದನೆಯ ಕೊಳವೆಯನ್ನು ಹಿಂದಕ್ಕೂ ಮುಂದಕ್ಕೂ ಜಾರಿಸುತ್ತಾನೆ. ಬ್ಯಾಂಡು ನಡೆದು ಸಾಗುವಾಗ ಟ್ರಾಂಬೋನ್ ವಾದಕರನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸುವ ಪದ್ಧತಿ ಹಲವೆಡೆ ಉಂಟು. ಹಿಂದಿನ ಸಾಲಿನಲ್ಲಿದ್ದರೆ ಜಾರುವ ಕೊಳವೆ ಮುಂದಿನವರ ಬೆನ್ನಿಗೆ ತಾಗೀತು! ಇಟಲಿಯ ಭಾಷೆಯಲ್ಲಿ ‘ಟ್ರಾಂಬಾ’ ಎಂದರೆ ಕಹಳೆ. ‘ಟ್ರಾಂಬೋನೆ’ ಎಂದರೆ ದೊಡ್ಡ ಕಹಳೆ. ಈ ವಾದ್ಯವು ೧೫ನೆಯ ಶತಮಾನದಲ್ಲಿ ಯೂರೋಪಿನಲ್ಲಿ ರೂಪುಗೊಂಡಿತು. ಅಂದಿನಿಂದ ಇಂದಿನವರೆಗೆ ಅದರ ಮೂಲ ರಚನೆಯು ಹೆಚ್ಚು ಬದಲಾಗಿಲ್ಲ ಎಂಬುದು ಗಮನಾರ್ಹ.

ಟ್ರಾಂಬೋನಿನಲ್ಲಿ ನಾದ ಹುಟ್ಟುವುದು ಹಿತ್ತಾಳೆಯಿಂದಲ್ಲ, ವಾದಕನ ತುಟಿಗಳಿಂದ. ಬಟ್ಟಲಿನಂತಹ ಊದುಬಾಯಿಗೆ ತುಟಿಗಳನ್ನು ಒತ್ತಿ ಊದಿದಾಗ ತುಟಿಗಳು ಕಂಪಿಸುತ್ತವೆ. ಆ ಕಂಪನವು ಕೊಳವೆಯ ಒಳಗಿನ ಗಾಳಿಯನ್ನು ಕಂಪಿಸುವಂತೆ ಮಾಡುತ್ತದೆ. ಕೊಳವೆಯು ಉದ್ದವಾದಷ್ಟೂ ಸ್ವರವು ತಗ್ಗುತ್ತದೆ. ಸಾಮಾನ್ಯ ಟ್ರಾಂಬೋನಿನ ಕೊಳವೆಯನ್ನು ನೇರಮಾಡಿ ಅಳೆದರೆ ಅದು ಸುಮಾರು ೨.೭ ಮೀಟರಿನಷ್ಟು ಉದ್ದವಿರುತ್ತದೆ. ಜಾರುಕೊಳವೆಗೆ ಏಳು ಸ್ಥಾನಗಳುಂಟು. ಒಂದೊಂದು ಸ್ಥಾನ ಮುಂದೆ ಸರಿದಾಗಲೂ ಸ್ವರವು ಅರ್ಧಸ್ವರದಷ್ಟು ಕೆಳಗಿಳಿಯುತ್ತದೆ. ಏಳನೆಯ ಸ್ಥಾನದಲ್ಲಿ ವಾದಕನ ತೋಳು ಪೂರ್ತಿಯಾಗಿ ಚಾಚಿಕೊಂಡಿರುತ್ತದೆ. ಕೊಳವೆಯ ಒಟ್ಟು ಉದ್ದ ೩.೮ ಮೀಟರನ್ನು ಮುಟ್ಟುತ್ತದೆ. ಈ ಸ್ಥಾನಗಳನ್ನು ತೋರಿಸುವ ಗೆರೆಯಾಗಲಿ ಗುರುತಾಗಲಿ ಕೊಳವೆಯ ಮೇಲೆ ಇರುವುದಿಲ್ಲ. ವಾದಕನ ಕಿವಿಯೇ ಅಳತೆಗೋಲು. ಕೈ ಒಂದು ಬೆರಳಿನ ಅಗಲದಷ್ಟು ಆಚೀಚೆಯಾದರೂ ಸ್ವರವು ಅಪಸ್ವರವಾಗುತ್ತದೆ.

ಬೇಸ್ ಟ್ರಾಂಬೋನ್ ಇದೇ ಕುಟುಂಬದ ಹಿರಿಯ ಸದಸ್ಯ. ಇಂದಿನ ಬೇಸ್ ಟ್ರಾಂಬೋನಿನ ಮೂಲ ಕೊಳವೆಯು ಸಾಮಾನ್ಯ ಟ್ರಾಂಬೋನಿನಷ್ಟೇ ಉದ್ದವಾಗಿದ್ದರೂ ಅದರ ಒಳಹರವು ಹೆಚ್ಚು, ಊದುಬಾಯಿಯೂ ದೊಡ್ಡದು, ಗಂಟೆಯಂತೆ ಅರಳಿದ ತುದಿಯೂ ಅಗಲವಾದುದು. ಇವುಗಳಿಂದಾಗಿ ಮಂದ್ರದ ಸ್ವರಗಳು ತುಂಬಿಕೊಂಡು ಹೊರಬರುತ್ತವೆ. ವಾದ್ಯವೃಂದಗಳು ಶ್ರುತಿ ಹೊಂದಿಸಿಕೊಳ್ಳುವ ‘ಎ’ ಎಂಬ ಸ್ವರದಲ್ಲಿ ಗಾಳಿಯು ಸೆಕೆಂಡಿಗೆ ೪೪೦ ಬಾರಿ ಕಂಪಿಸುತ್ತದೆ. ಜಾರುಕೊಳವೆಯನ್ನು ಚಾಚದೆಯೇ ಈ ವಾದ್ಯದ ಮೂಲ ಕೊಳವೆಯಿಂದ ಹೊರಡಿಸುವ ಅತ್ಯಂತ ತಗ್ಗಿನ ಸ್ವರದಲ್ಲಿ ಗಾಳಿಯು ಸೆಕೆಂಡಿಗೆ ಸುಮಾರು ೫೮ ಬಾರಿ ಮಾತ್ರ ಕಂಪಿಸುತ್ತದೆ. ಇಂತಹ ಸ್ವರವು ಕಿವಿಗೆ ಕೇಳಿಸುವುದರ ಜೊತೆಗೆ ಕುಳಿತ ಆಸನದಲ್ಲಿ, ಎದೆಯ ಗೂಡಿನಲ್ಲಿ ಮೆಲ್ಲನೆಯ ನಡುಕದಂತೆಯೂ ಅನುಭವಕ್ಕೆ ಬರಬಹುದು.

ಇಷ್ಟು ತಗ್ಗಿದ ಸ್ವರದಿಂದ ಸಂಗೀತಕ್ಕೆ ಏನು ಪ್ರಯೋಜನ? ಇದನ್ನು ಅರಿಯಲು ಪಾಶ್ಚಾತ್ಯ ಸಂಗೀತದ ಒಂದು ಮುಖ್ಯ ಲಕ್ಷಣವನ್ನು ನೆನೆಯಬೇಕು. ಕರ್ನಾಟಕ ಸಂಗೀತದಲ್ಲಿ ರಾಗವು ಒಂದೇ ಎಳೆಯಾಗಿ ಹರಿಯುತ್ತದೆ. ತಂಬೂರಿಯು ಬದಲಾಗದ ಆಧಾರಶ್ರುತಿಯನ್ನು ಕೊಡುತ್ತಿರುತ್ತದೆ. ಪಾಶ್ಚಾತ್ಯ ವಾದ್ಯವೃಂದದಲ್ಲಿ ಹಲವು ಸ್ವರಗಳು ಏಕಕಾಲದಲ್ಲಿ ಕೂಡಿ ನುಡಿಯುತ್ತವೆ. ಇದನ್ನು ಸ್ವರಮೇಳವೆನ್ನಬಹುದು. ಅಲ್ಲಿ ಆಧಾರವು ಒಂದೇ ಕಡೆ ನಿಲ್ಲದೆ ಸಂಗೀತದೊಡನೆ ಹೆಜ್ಜೆಹೆಜ್ಜೆಗೂ ಸ್ಥಳ ಬದಲಿಸುತ್ತದೆ. ಮೇಲಿನ ಸ್ವರಗಳು ಹಾಗೆಯೇ ಇದ್ದು ಕೆಳಗಿನ ಸ್ವರವೊಂದೇ ಬದಲಾದರೂ ಇಡೀ ಮೇಳದ ಭಾವವು ಬದಲಾಗುತ್ತದೆ. ನೆಮ್ಮದಿಯಂತೆ ಕೇಳುತ್ತಿದ್ದುದು ಆತಂಕದಂತೆ ಕೇಳುತ್ತದೆ. ಆದುದರಿಂದ ಅತ್ಯಂತ ಕೆಳಗಿನ ಸ್ವರವನ್ನು ನುಡಿಸುವವನ ಕೈಯಲ್ಲಿ ಮೇಲಿನವರೆಲ್ಲರ ಮಾತಿನ ಅರ್ಥ ಅಡಗಿರುತ್ತದೆ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಯಾವ ವಾದ್ಯದ ಸ್ವರವೂ ಒಂಟಿಯಾಗಿರುವುದಿಲ್ಲ. ಸೆಕೆಂಡಿಗೆ ೫೮ ಕಂಪನಗಳ ಮಂದ್ರಸ್ವರವನ್ನು ಊದಿದಾಗ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳುಳ್ಳ ಮೇಲ್ಸ್ವರಗಳೂ ಅದರೊಳಗೇ ಸಣ್ಣಗೆ ನುಡಿಯುತ್ತಿರುತ್ತವೆ. ಇತರ ವಾದಕರು ನುಡಿಸುವ ಸ್ವರಗಳು ಈ ಮೇಲ್ಸ್ವರಗಳೊಡನೆ ಹೊಂದಿಕೊಂಡಾಗ ಮೇಳವು ಒಂದೇ ವಾದ್ಯದ ನಾದದಂತೆ ಬೆಸೆದುಕೊಳ್ಳುತ್ತದೆ. ಕೆಳಗಿನ ಸ್ವರವು ಕದಲಿದರೆ ಮೇಲಿನವರು ಎಷ್ಟೇ ಶುದ್ಧವಾಗಿ ನುಡಿಸಿದರೂ ನಾದವು ಅಲೆಯಲೆಯಾಗಿ ಅಲುಗುತ್ತದೆ. ವಾದ್ಯವೃಂದದ ಟ್ರಾಂಬೋನ್ ವಾದಕರು ಸಾಮಾನ್ಯವಾಗಿ ಮೂವರು. ಅವರ ಪಕ್ಕದಲ್ಲಿ ಟ್ಯೂಬಾ ಎಂಬ ದೊಡ್ಡ ಹಿತ್ತಾಳೆಯ ವಾದ್ಯದವನು ಕುಳಿತಿರುತ್ತಾನೆ. ಬೇಸ್ ಟ್ರಾಂಬೋನಿನವನ ಸ್ಥಾನವು ಇವರ ನಡುವೆ. ಒಂದು ಬದಿಯಲ್ಲಿ ತನ್ನ ಇಬ್ಬರು ಜೊತೆಗಾರರಿಗೆ ಅವನು ತಳಪಾಯ. ಇನ್ನೊಂದು ಬದಿಯಲ್ಲಿ ಟ್ಯೂಬಾಕ್ಕೆ ಜೊತೆಗಾರ. ಟ್ಯೂಬಾದ ನಾದವು ಮೃದು ಮತ್ತು ದುಂಡು. ಬೇಸ್ ಟ್ರಾಂಬೋನಿನ ನಾದಕ್ಕೆ ಅಂಚು ಉಂಟು. ಎರಡೂ ಒಂದಾದಾಗ ಮಂದ್ರಸ್ವರಕ್ಕೆ ತೂಕವೂ ಸ್ಪಷ್ಟತೆಯೂ ಒಟ್ಟಿಗೆ ಒದಗುತ್ತವೆ.

ಟ್ರಾಂಬೋನಿನ ಮೊದಲ ಮನೆ ದೇವಾಲಯವೆಂದರೆ ತಪ್ಪಾಗಲಾರದು. ಯೂರೋಪಿನ ಚರ್ಚುಗಳಲ್ಲಿ ಗಾಯಕರ ಒಂದೊಂದು ಗುಂಪಿಗೂ ಒಂದೊಂದು ಟ್ರಾಂಬೋನ್ ಬೆಂಬಲವಾಗಿ ನಿಲ್ಲುತ್ತಿತ್ತು. ತಗ್ಗಿದ ಕಂಠದವರಿಗೆ ಬೇಸ್ ಟ್ರಾಂಬೋನ್ ಜೊತೆಯಾಗುತ್ತಿತ್ತು. ಇಟಲಿಯ ವೆನಿಸ್ ನಗರದ ಸಂತ ಮಾರ್ಕನ ಚರ್ಚಿನಲ್ಲಿ ಸೇವೆಸಲ್ಲಿಸುತ್ತಿದ್ದ ಜಿಯೊವಾನಿ ಗೇಬ್ರಿಯೆಲಿ ೧೫೯೭ರಲ್ಲಿ ಪ್ರಕಟಿಸಿದ ಒಂದು ಕೃತಿಯಲ್ಲಿ ಎಂಟು ವಾದ್ಯಗಳಿವೆ. ಅವುಗಳಲ್ಲಿ ಆರು ಟ್ರಾಂಬೋನುಗಳು. ಎಲ್ಲಿ ಮೆಲ್ಲಗೆ ನುಡಿಸಬೇಕು, ಎಲ್ಲಿ ಗಟ್ಟಿಯಾಗಿ ನುಡಿಸಬೇಕು ಎಂಬುದನ್ನು ಬರೆದು ಸೂಚಿಸಿದ ಮೊದಮೊದಲ ಕೃತಿಗಳಲ್ಲಿ ಅದೂ ಒಂದು. ಜರ್ಮನಿಯ ಹೈನ್ರಿಕ್ ಶ್ಯೂಟ್ಸನು ೧೬೨೯ರಲ್ಲಿ ಪ್ರಕಟಿಸಿದ ಕೃತಿಸಂಗ್ರಹದಲ್ಲಿ ದಾವೀದನೆಂಬ ಅರಸನು ತನ್ನ ಮಗ ಅಬ್ಸಾಲೋಮನ ಸಾವಿಗಾಗಿ ಅಳುವ ಹಾಡೊಂದಿದೆ. ಆ ತಂದೆಯ ತಗ್ಗಿದ ಕಂಠದ ಸುತ್ತ ಶ್ಯೂಟ್ಸನು ನಾಲ್ಕು ಟ್ರಾಂಬೋನುಗಳನ್ನು ಇರಿಸಿದ್ದಾನೆ. ದುಃಖವನ್ನು ಹೊರಲು ಅವನಿಗೆ ಈ ವಾದ್ಯವೇ ತಕ್ಕುದೆಂದು ಕಂಡಿತು.

ಬೈಬಲ್ಲನ್ನು ಜರ್ಮನ್ ಭಾಷೆಗೆ ತಂದ ಮಾರ್ಟಿನ್ ಲೂಥರನು ಅಂತಿಮ ತೀರ್ಪಿನ ದಿನ ಮೊಳಗುವ ಕಹಳೆಗೆ ‘ಪೊಸೌನೆ’ ಎಂಬ ಪದವನ್ನು ಬಳಸಿದನು. ಜರ್ಮನ್ನರು ಟ್ರಾಂಬೋನನ್ನು ಕರೆಯುವುದೂ ಇದೇ ಹೆಸರಿನಿಂದ. ಹೀಗಾಗಿ ಸಾವು, ನ್ಯಾಯತೀರ್ಪು, ಪರಲೋಕ ಮೊದಲಾದ ಗಂಭೀರ ಭಾವಗಳೊಡನೆ ಈ ವಾದ್ಯಕ್ಕೆ ನಂಟು ಬೆಳೆಯಿತು. ಮೊಟ್ಸಾರ್ಟನು ೧೭೮೭ರ ‘ಡಾನ್ ಜಿಯೊವಾನಿ’ ಎಂಬ ಗೀತನಾಟಕದಲ್ಲಿ ಸತ್ತವನೊಬ್ಬನ ಶಿಲಾಪ್ರತಿಮೆಯು ಮಾತನಾಡುವಾಗ ಟ್ರಾಂಬೋನುಗಳನ್ನು ನುಡಿಸಿದನು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಬೆತ್ಲೆಹೆಮ್ ಎಂಬ ಊರಿನಲ್ಲಿ ಮೊರೇವಿಯನ್ ಪಂಥದ ಕ್ರೈಸ್ತರು ೧೭೫೪ರಲ್ಲಿ ಟ್ರಾಂಬೋನುಗಳ ಮೇಳವೊಂದನ್ನು ಕಟ್ಟಿಕೊಂಡರು. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಈ ವಾದಕರು ಎತ್ತರದಲ್ಲಿ ನಿಂತು ಭಕ್ತಿಗೀತೆಗಳನ್ನು ನುಡಿಸಿ ಆ ಸುದ್ದಿಯನ್ನು ಸಾರುತ್ತಿದ್ದರು. ಹೊಲದಲ್ಲಿ, ಕೆಲಸದ ಮನೆಯಲ್ಲಿ ದುಡಿಯುತ್ತಿದ್ದವರಿಗೆ ಆ ನಾದವೇ ವಾರ್ತೆಯಾಗುತ್ತಿತ್ತು.

ಬೇಸ್ ಟ್ರಾಂಬೋನನ್ನು ತಯಾರಿಸುವವರನ್ನು ಒಂದು ಕಷ್ಟವು ಬಹುಕಾಲ ಕಾಡಿತು. ಸ್ವರವು ತಗ್ಗಬೇಕಾದರೆ ಕೊಳವೆಯು ಉದ್ದವಾಗಬೇಕು; ಉದ್ದವಾದರೆ ಏಳನೆಯ ಸ್ಥಾನವನ್ನು ಮನುಷ್ಯನ ತೋಳು ಮುಟ್ಟಲಾರದು. ಆದುದರಿಂದ ಹಳೆಯ ಬೇಸ್ ಟ್ರಾಂಬೋನುಗಳ ಜಾರುಕೊಳವೆಗೆ ಒಂದು ಹಿಡಿಯನ್ನು ಜೋಡಿಸುತ್ತಿದ್ದರು. ತೋಳಿನ ಅಳತೆ ಮುಗಿದ ಮೇಲೆ ವಾದಕನು ಆ ಹಿಡಿಯಿಂದ ಕೊಳವೆಯನ್ನು ಇನ್ನೂ ಮುಂದಕ್ಕೆ ತಳ್ಳುತ್ತಿದ್ದನು. ಇಂಗ್ಲೆಂಡಿನಲ್ಲಿ ಇಂತಹ ಹಿಡಿಯುಳ್ಳ ವಾದ್ಯವು ೨೦ನೆಯ ಶತಮಾನದ ಮಧ್ಯಭಾಗದವರೆಗೂ ಬಳಕೆಯಲ್ಲಿತ್ತು. ವೇಗವಾದ ಸಂಗೀತದಲ್ಲಿ ಇದನ್ನು ನಿಭಾಯಿಸುವುದು ಸುಲಭವಾಗಿರಲಿಲ್ಲ.

ಈ ತೊಡಕಿಗೆ ಪರಿಹಾರವನ್ನು ಕಂಡವನು ಜರ್ಮನಿಯ ಲೈಪ್‌ಜಿಗ್ ನಗರದ ವಾದ್ಯತಯಾರಕ ಕ್ರಿಶ್ಚಿಯನ್ ಫ್ರೆಡ್ರಿಕ್ ಸ್ಯಾಟ್ಲರ್. ೧೮೩೯ರಲ್ಲಿ ಅವನು ಸಾಮಾನ್ಯ ಉದ್ದದ ಟ್ರಾಂಬೋನಿಗೆ ಸುರುಳಿಯಾಗಿ ಮಡಿಸಿದ ಹೆಚ್ಚಿನ ಕೊಳವೆಯನ್ನು ಸೇರಿಸಿ, ಅದರ ದಾರಿಯಲ್ಲಿ ಒಂದು ಕವಾಟವನ್ನು ಇರಿಸಿದನು. ವಾದಕನು ಎಡಗೈಯ ಹೆಬ್ಬೆರಳಿನಿಂದ ಕವಾಟವನ್ನು ತಿರುಗಿಸಿದ ಕೂಡಲೆ ಗಾಳಿಯು ಸುರುಳಿಯ ಮೂಲಕವೂ ಹಾದುಹೋಗುತ್ತದೆ. ವಾದ್ಯದ ಉದ್ದವು ಒಮ್ಮೆಗೇ ಸುಮಾರು ೯೦ ಸೆಂಟಿಮೀಟರಿನಷ್ಟು ಹೆಚ್ಚುತ್ತದೆ. ಹಿಡಿಯೂ ಬೇಡ, ನಿಲುಕಲಾರದ ಚಾಚುವಿಕೆಯೂ ಬೇಡ. ಆದರೆ ಕೊಳವೆಯು ಉದ್ದವಾದಾಗ ಸ್ಥಾನಗಳ ನಡುವಿನ ಅಂತರವೂ ಹಿಗ್ಗುತ್ತದೆ. ಆದುದರಿಂದ ಕವಾಟವನ್ನು ಬಳಸಿದಾಗ ಏಳು ಸ್ಥಾನಗಳಿಗೆ ಬದಲು ಆರಕ್ಕೆ ಮಾತ್ರ ಎಡೆಯಿರುತ್ತದೆ. ಪರಿಣಾಮವಾಗಿ ಮಂದ್ರದಲ್ಲಿ ಒಂದು ಸ್ವರ, ‘ಬಿ’ ಎಂಬ ಒಂದೇ ಒಂದು ಸ್ವರ, ವಾದ್ಯಕ್ಕೆ ಸಿಗದೆ ಉಳಿಯಿತು.

ಒಂದು ಸ್ವರದ ಕೊರತೆಯೆಂದರೆ ಅಲ್ಪವೆಂದು ತೋರಬಹುದು. ಆದರೆ ಸಂಗೀತವನ್ನು ರಚಿಸುವವನು ವಾದ್ಯದ ಅನುಕೂಲವನ್ನು ನೋಡಿಯೇ ಬರೆಯುತ್ತಾನೆಂದು ಹೇಳಲಾಗದು. ಹಂಗೇರಿಯ ಬೇಲಾ ಬಾರ್ಟೊಕನು ತಾಯ್ನಾಡನ್ನು ತೊರೆದು ಅಮೆರಿಕವನ್ನು ಸೇರಿ, ರೋಗದಿಂದ ಬಳಲುತ್ತಿದ್ದ ದಿನಗಳಲ್ಲಿ, ೧೯೪೩ರಲ್ಲಿ, ‘ವಾದ್ಯವೃಂದಕ್ಕಾಗಿ ಕಾನ್ಚರ್ಟೊ’ ಎಂಬ ಮೇರುಕೃತಿಯನ್ನು ರಚಿಸಿದನು. ಅದರಲ್ಲಿ ಬೇಸ್ ಟ್ರಾಂಬೋನು ಮಂದ್ರದ ಅದೇ ‘ಬಿ’ ಸ್ವರದಿಂದ ಹೊರಟು ಮೇಲಿನ ‘ಎಫ್’ ಸ್ವರದವರೆಗೆ ಎಲ್ಲಿಯೂ ಕಡಿಯದೆ ಜಾರಿಕೊಂಡು ಏರಬೇಕು. ಹಿಡಿಯುಳ್ಳ ಹಳೆಯ ಉದ್ದನೆಯ ವಾದ್ಯಕ್ಕೆ ಇದು ಸಹಜವಾದ ಚಲನೆ. ಒಂದೇ ಕವಾಟವುಳ್ಳ ವಾದ್ಯಕ್ಕಾದರೋ ಆರಂಭದ ಸ್ವರವೇ ಇಲ್ಲ! ವಾದಕರು ನಾನಾ ಉಪಾಯಗಳನ್ನು ಹೂಡಿ ಇದನ್ನು ನುಡಿಸುತ್ತ ಬಂದರು. ೨೦ನೆಯ ಶತಮಾನದ ಉತ್ತರಾರ್ಧದಲ್ಲಿ ಎರಡನೆಯ ಕವಾಟವುಳ್ಳ ಬೇಸ್ ಟ್ರಾಂಬೋನುಗಳು ರೂಢಿಗೆ ಬಂದವು. ಎರಡು ಕವಾಟಗಳನ್ನೂ ಒಟ್ಟಿಗೆ ತಿರುಗಿಸಿದಾಗ ಕೊಳವೆಯ ಉದ್ದವು ೪ ಮೀಟರನ್ನು ಮೀರುತ್ತದೆ. ಕಳೆದುಹೋಗಿದ್ದ ಸ್ವರವು ಹೀಗೆ ಮತ್ತೆ ದೊರೆಯಿತು.

ವಾದ್ಯವು ಎಷ್ಟು ಸುಧಾರಿಸಿದರೂ ವಾದಕನ ಶ್ರಮವು ಕಡಿಮೆಯಾಗಲಿಲ್ಲ. ಮಂದ್ರಸ್ವರಕ್ಕೆ ಬೇಕಾಗುವ ಗಾಳಿಯು ಅಪಾರ. ಮೇಲಿನ ಸ್ವರವನ್ನು ನುಡಿಸುವವನು ಒಂದೇ ಉಸಿರಿನಲ್ಲಿ ದೀರ್ಘಕಾಲ ನುಡಿಸಬಲ್ಲನು; ಬೇಸ್ ಟ್ರಾಂಬೋನಿನವನ ಉಸಿರು ಬಹುಬೇಗ ಬರಿದಾಗುತ್ತದೆ. ಸಂಗೀತದ ಎಳೆ ಕಡಿಯದಂತೆ ಎಲ್ಲಿ ಉಸಿರೆಳೆದುಕೊಳ್ಳಬೇಕೆಂಬುದನ್ನು ಅವನು ಮೊದಲೇ ಯೋಚಿಸಿಕೊಂಡಿರಬೇಕು. ಇದಕ್ಕಿಂತಲೂ ಕಠಿನವಾದುದು ಕಾಯುವ ಕೆಲಸ. ನುಡಿಸದೆ ಕುಳಿತ ವಾದ್ಯವು ತಣ್ಣಗಾಗುತ್ತದೆ. ತಣ್ಣನೆಯ ಗಾಳಿಯಲ್ಲಿ ನಾದದ ವೇಗವು ತಗ್ಗುವುದರಿಂದ ವಾದ್ಯದ ಶ್ರುತಿಯೂ ಇಳಿಯುತ್ತದೆ. ಆದುದರಿಂದ ತನ್ನ ಸರದಿ ಸಮೀಪಿಸಿದಾಗ ವಾದಕನು ಸದ್ದಾಗದಂತೆ ಬಿಸಿಯುಸಿರನ್ನು ಕೊಳವೆಯೊಳಕ್ಕೆ ಬಿಡುತ್ತ ವಾದ್ಯವನ್ನು ಬೆಚ್ಚಗೆ ಮಾಡಿಕೊಳ್ಳುತ್ತಾನೆ. ಮೌನದಲ್ಲಿಯೂ ತಾಳದ ಆವರ್ತಗಳನ್ನು ಒಂದೊಂದಾಗಿ ಎಣಿಸುತ್ತಿರುತ್ತಾನೆ. ಎಣಿಕೆಯು ಒಂದು ತಪ್ಪಿದರೆ ಪ್ರವೇಶವೂ ತಪ್ಪುತ್ತದೆ. ಪಿಟೀಲುಗಳ ಗುಂಪಿನಲ್ಲಿ ಒಬ್ಬನು ತಪ್ಪಿದರೆ ಉಳಿದವರು ಮುಚ್ಚಿಕೊಂಡಾರು. ಬೇಸ್ ಟ್ರಾಂಬೋನಿನವನ ಸ್ವರವನ್ನು ನುಡಿಸುವವನು ಅವನೊಬ್ಬನೇ.

ಈ ಕಾಯುವಿಕೆಯ ಬೆಲೆಯನ್ನು ಚೆನ್ನಾಗಿ ಬಲ್ಲವನು ಯೊಹಾನೆಸ್ ಬ್ರಾಮ್ಸ್. ೧೮೭೬ರಲ್ಲಿ ಮೊದಲು ಕೇಳಿಬಂದ ಅವನ ಮೊದಲನೆಯ ಸಿಂಫನಿಯಲ್ಲಿ ಟ್ರಾಂಬೋನುಗಳು ಮೂರು ಭಾಗಗಳ ಉದ್ದಕ್ಕೂ ಮೌನವಾಗಿರುತ್ತವೆ. ನಾಲ್ಕನೆಯ ಭಾಗದ ಆರಂಭದಲ್ಲಿ ಹಾರ್ನ್ ವಾದ್ಯದ ವಿಶಾಲವಾದ ಕರೆ ಕೇಳಿಬಂದ ಬಳಿಕ ಅವು ಮೊದಲ ಬಾರಿಗೆ ದನಿತೆಗೆಯುತ್ತವೆ. ಬೀಥೋವನನ ಕೃತಿಯಲ್ಲಿ ಅವು ಗರ್ಜಿಸುತ್ತ ಬಂದವು. ಇಲ್ಲಿಯಾದರೋ ಪ್ರಾರ್ಥನೆಯಂತಹ ಒಂದು ಸಾಲನ್ನು ಅತ್ಯಂತ ಮೆಲ್ಲಗೆ ನುಡಿಸುತ್ತವೆ. ಅರ್ಧಗಂಟೆಗೂ ಮಿಕ್ಕಿ ಕುಳಿತಿದ್ದು, ತಣ್ಣಗಾದ ತುಟಿಗಳಿಂದ, ನಡುಗದ ಮೆಲುಸ್ವರವನ್ನು ಹೊರಡಿಸುವುದು ಗರ್ಜಿಸುವುದಕ್ಕಿಂತ ಕಷ್ಟವಾದ ಕೆಲಸ. ಆ ಕೆಲವೇ ಕ್ಷಣಗಳಿಗಾಗಿ ಮೂವರು ವಾದಕರು ಅಷ್ಟು ಹೊತ್ತು ಕಾದುದು ಸಾರ್ಥಕವೆಂದು ಕೇಳಿದವರಿಗೆ ಅನ್ನಿಸುತ್ತದೆ.

ಮೆಲ್ಲಗೆ ಹಾಡುವ ಈ ಗುಣವನ್ನು ಬೇರೊಂದು ಬಗೆಯ ಸಂಗೀತದಲ್ಲಿ ಬೆಳಗಿಸಿದವರು ಅಮೆರಿಕದ ಜಾರ್ಜ್ ರಾಬರ್ಟ್ಸ್. ೧೯೨೮ರಲ್ಲಿ ಜನಿಸಿದ ಅವರು ಸ್ಟ್ಯಾನ್ ಕೆಂಟನರ ಜಾಜ್ ವಾದ್ಯವೃಂದದಲ್ಲಿ ಹೆಸರು ಗಳಿಸಿದರು. ಬಳಿಕ ನೆಲ್ಸನ್ ರಿಡಲ್ ಅವರು ವಾದ್ಯಸಂಯೋಜನೆ ಮಾಡಿದ ಫ್ರಾಂಕ್ ಸಿನಾತ್ರರ ಹಾಡುಗಳ ಧ್ವನಿಮುದ್ರಣಗಳಲ್ಲಿ ಬೇಸ್ ಟ್ರಾಂಬೋನ್ ನುಡಿಸಿದರು. ಮಂದ್ರಸ್ವರವೆಂದರೆ ಬರಿಯ ಗುಡುಗು ಎಂಬ ಭಾವನೆಯನ್ನು ಅವರ ವಾದನವು ದೂರಮಾಡಿತು. ಗಾಯಕನ ಕಂಠದ ಕೆಳಗೆ ಮೆತ್ತನೆಯ ಹಾಸಿನಂತೆ ಅವರ ನಾದವು ಹರಡಿಕೊಳ್ಳುತ್ತಿತ್ತು. ಜನರು ಅವರನ್ನು ‘ಮಿಸ್ಟರ್ ಬೇಸ್ ಟ್ರಾಂಬೋನ್’ ಎಂದೇ ಕರೆದರು. ೧೯೬೪ರಲ್ಲಿ ಥಾಮ್ ರಿಟ್ಟರ್ ಜಾರ್ಜ್ ಎಂಬ ಅಮೆರಿಕದ ಸಂಗೀತರಚಕರು ಬೇಸ್ ಟ್ರಾಂಬೋನನ್ನೇ ಮುಖ್ಯವಾದ್ಯವಾಗಿ ಇಟ್ಟುಕೊಂಡು ಒಂದು ಕಾನ್ಚರ್ಟೊ ರಚಿಸಿದರು. ಎಲ್ಲರ ಹಿಂದೆ ಕುಳಿತಿದ್ದ ವಾದಕನು ಹೀಗೆ ವೇದಿಕೆಯ ಮುಂಭಾಗಕ್ಕೂ ಬಂದನು. ಚಲನಚಿತ್ರಗಳಲ್ಲಿ ಅಪಾಯವು ಹೊಂಚುಹಾಕುವ ದೃಶ್ಯಗಳಿಗೆ, ಭವ್ಯವಾದ ನೋಟಗಳಿಗೆ ಹಿನ್ನೆಲೆಯಾಗಿ ಕೇಳಿಬರುವ ಗಂಭೀರನಾದದಲ್ಲಿಯೂ ಈ ವಾದ್ಯದ ಪಾಲು ದೊಡ್ಡದು.

ಬೀಥೋವನನ ಕಥೆ ಇನ್ನೂ ಸ್ವಲ್ಪ ಉಳಿದಿದೆ. ೧೮೧೨ರಲ್ಲಿ ಅವನು ಲಿನ್ಸ್ ಎಂಬ ಊರಿನಲ್ಲಿ ಕೆಲವು ದಿನ ತಂಗಿದ್ದನು. ಅಲ್ಲಿಯ ಪ್ರಧಾನ ಚರ್ಚಿನ ಸಂಗೀತಾಧಿಕಾರಿ ಗ್ಲೋಗ್ಲ್ ಎಂಬುವನು, ನವೆಂಬರ್ ೨ರಂದು ಸತ್ತವರನ್ನು ಸ್ಮರಿಸುವ ದಿನಕ್ಕಾಗಿ ಸಂಗೀತವನ್ನು ಬರೆದುಕೊಡಬೇಕೆಂದು ಕೇಳಿಕೊಂಡನು. ಬೀಥೋವನನು ನಾಲ್ಕು ಟ್ರಾಂಬೋನುಗಳಿಗಾಗಿ ಮೂರು ಚಿಕ್ಕ ಕೃತಿಗಳನ್ನು ಬರೆದುಕೊಟ್ಟನು. ಇಂತಹ ಕೃತಿಗಳನ್ನು ‘ಎಕ್ವಾಲೆ’ ಎಂದು ಕರೆಯುತ್ತಿದ್ದರು. ಒಂದೇ ಜಾತಿಯ ವಾದ್ಯಗಳು, ಎಂದರೆ ಸಮಾನರು, ಕೂಡಿ ನುಡಿಸುವ ಸಂಗೀತವೆಂದು ಅದರ ಅರ್ಥ.

ಹದಿನಾಲ್ಕು ವರ್ಷಗಳಿಗೂ ಮಿಕ್ಕಿ ಉರುಳಿದವು. ಕಿವುಡುತನವು ಬೀಥೋವನನನ್ನು ಪೂರ್ತಿಯಾಗಿ ಆವರಿಸಿತ್ತು. ತಾನು ಬರೆದುದನ್ನು ತಾನೇ ಕೇಳಲಾರದವನಾಗಿದ್ದನು. ೧೮೨೭ರ ಮಾರ್ಚ್ ೨೬ರಂದು ಅವನು ವಿಯೆನ್ನಾದಲ್ಲಿ ತೀರಿಕೊಂಡನು. ಮಾರ್ಚ್ ೨೯ರಂದು ನಡೆದ ಅಂತ್ಯಯಾತ್ರೆಯಲ್ಲಿ ಸಾವಿರಾರು ಜನರು ಬೀದಿಗಳಲ್ಲಿ ನೆರೆದಿದ್ದರು. ಆ ಯಾತ್ರೆಯಲ್ಲಿ ಲಿನ್ಸಿನ ಅದೇ ಸಂಗೀತವನ್ನು ನಾಲ್ಕು ಟ್ರಾಂಬೋನುಗಳು ನುಡಿಸಿದವು. ಅದಕ್ಕೆ ಮಾತುಗಳನ್ನು ಹೊಂದಿಸಿ ಗಾಯಕರು ಹಾಡಿದರು. ಹದಿನೆಂಟು ವರ್ಷಗಳ ಹಿಂದೆ, ಒಂದು ಚಳಿಯ ರಾತ್ರಿ, ಯಾವ ವಾದ್ಯಗಳನ್ನು ಅವನು ಬೆಳಕಿನ ಆಗಮನಕ್ಕಾಗಿ ಕರೆದಿದ್ದನೋ ಅವೇ ಅವನನ್ನು ಬೀಳ್ಕೊಟ್ಟವು. ಮೇಲಿನ ಮೂರು ಸ್ವರಗಳು ತಮ್ಮ ತಮ್ಮ ದಾರಿಯಲ್ಲಿ ಸಾಗುತ್ತಿದ್ದಂತೆ ನಾಲ್ಕನೆಯದು ಅವುಗಳ ಕೆಳಗೆ ಸ್ಥಿರವಾಗಿ ನಡೆಯಿತು. ಅದು ಎಲ್ಲಕ್ಕಿಂತ ಕೆಳಗಿನ ಸ್ವರ. ಆದರೆ ಆ ಸಂಗೀತದ ಹೆಸರೇ ಹೇಳುವಂತೆ, ಸಮಾನರಲ್ಲಿ ಒಂದು.

ಅಭ್ಯಾಸ

೧. ೧೮೦೮ರ ಡಿಸೆಂಬರ್ ೨೨ರ ಕಚೇರಿಯಲ್ಲಿ ಬೇಸ್ ಟ್ರಾಂಬೋನಿನ ಪಾಲಿಗೆ ಬಂದ ಕೆಲಸವೆಷ್ಟು?
೨. ಜಾರುಕೊಳವೆಯನ್ನು ಚಾಚಿದಾಗ ಸ್ವರವು ತಗ್ಗುವುದೇಕೆ?
೩. ಅತ್ಯಂತ ಕೆಳಗಿನ ಸ್ವರವನ್ನು ನುಡಿಸುವವನ ಹೊಣೆಯು ದೊಡ್ಡದೆಂಬುದನ್ನು ಎರಡು ಕಾರಣಗಳೊಡನೆ ವಿವರಿಸಿರಿ.
೪. ಸ್ಯಾಟ್ಲರನ ಕವಾಟವು ಪರಿಹರಿಸಿದ ತೊಡಕು ಯಾವುದು? ಅದರಿಂದ ಉಳಿದ ಕೊರತೆ ಯಾವುದು?
೫. ‘ಕಾಯುವುದೂ ಒಂದು ಕೆಲಸ.’ ಪಾಠದ ಆಧಾರದಿಂದ ಈ ಮಾತನ್ನು ಸಮರ್ಥಿಸಿರಿ.
೬. ‘ಎಕ್ವಾಲೆ’ ಎಂಬ ಪದದ ಅರ್ಥವು ಪಾಠದ ಮುಕ್ತಾಯಕ್ಕೆ ಹೇಗೆ ಹೊಂದುತ್ತದೆ?